ಲೋಕಕ್ಕೆಲ್ಲ ಒಂದೇ ಊಟದ ತಟ್ಟೆ?

ಭೂಮಿಯೂ ಕೆಡಬಾರದು, ಮೈಯೂ ಕೆಡಬಾರದು. ಮುಂದೆ ಸಾವಿರ ಕೋಟಿಯಾಗಲಿರುವ ಜನ ಏನು ಉಣ್ಣಬೇಕು?

2019ರಲ್ಲಿ ಈಟ್-ಲ್ಯಾನ್ಸೆಟ್ ಆಯೋಗ ಇದಕ್ಕೊಂದು ಲೆಕ್ಕ ಕೊಟ್ಟಿತು. 16 ದೇಶಗಳ 37 ತಜ್ಞರು ಸೇರಿ ಹಾಕಿದ ಲೆಕ್ಕ. ಒಬ್ಬರಿಗೆ ದಿನಕ್ಕೆ 2,500 ಕ್ಯಾಲರಿ. ದನ, ಕುರಿ, ಹಂದಿ ಮಾಂಸ ಎಲ್ಲಾ ಸೇರಿ ಬರೀ 14 ಗ್ರಾಂ. ತರಕಾರಿ 300 ಗ್ರಾಂ, ಹಣ್ಣು 200. ಕಡಲೆಕಾಯಿ, ಬಾದಾಮಿಯಂಥವು 50 ಗ್ರಾಂ.

ಈ ಲೆಕ್ಕ ನೋಡಿದರೆ ಅಮೆರಿಕದವರು ಮಾಂಸ ಕಡಿಮೆ ಮಾಡಬೇಕು, ಸರಿ. ನಮ್ಮ ಕಥೆ ಬೇರೆ. ಭಾರತದ ಊಟವನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿದ 2020ರ ಅಧ್ಯಯನ ಹೇಳಿದ್ದೇನು ಗೊತ್ತಾ? ನಮ್ಮ ತಟ್ಟೆ ತುಂಬಾ ಅಕ್ಕಿ, ಗೋಧಿ. ಬೇಳೆಕಾಳು, ತರಕಾರಿ, ಹಣ್ಣು, ಮೊಟ್ಟೆ, ಮೀನು ಕಡಿಮೆ. ಬಡವರ ಮನೆಯಲ್ಲಿ ಮಾತ್ರ ಅಲ್ಲ, ಉಳ್ಳವರ ಮನೆಯಲ್ಲೂ! ಸರಾಸರಿ ಮನೆಗೆ ಹಣ್ಣಿಗಿಂತ ಹೆಚ್ಚು ಕ್ಯಾಲರಿ ಬರೋದು ಕುರುಕಲು, ಪ್ಯಾಕೆಟ್ ತಿಂಡಿಯಿಂದ.

ಉಳ್ಳವರದ್ದು ಅಭ್ಯಾಸದ ಸಮಸ್ಯೆ ಅನ್ನಬಹುದು. ಇಲ್ಲದವರದ್ದು ದುಡ್ಡಿನದು. 2011ರ ಬೆಲೆಯಲ್ಲಿ ಲೆಕ್ಕ ಹಾಕಿದಾಗ, ಜಗತ್ತಿನ ಸುಮಾರು 158 ಕೋಟಿ ಜನರ ಆದಾಯಕ್ಕಿಂತ ಈ ಊಟದ ಖರ್ಚೇ ಜಾಸ್ತಿ ಆಗಿತ್ತು. ಆ ಖರ್ಚಿನಲ್ಲೂ ದೊಡ್ಡ ಪಾಲು ಹಣ್ಣು-ತರಕಾರಿಯದೇ.

ಹಾಗಾಗಿ, ಚೆನ್ನಾಗಿ ತಿನ್ನಿ ಅಂತ ಬಡವರಿಗೆ ಪಾಠ ಹೇಳೋ ಮೊದಲು ಬೇಳೆ, ತರಕಾರಿ ಅವರ ಕೈಗೆಟುಕುವ ಬೆಲೆಗೆ ಸಿಗಲಿ.