ಎಡಗೈ ಕಲಿಯಬೇಕಾದ ವಿದ್ಯೆ

ಸಂಕೇಶ್ವರ ಲಾರಿಗಳ ಕವಲುದಾರಿ. ಪುಣೆ–ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಹಾಯುತ್ತದೆ. ಇಲ್ಲಿಂದ ಕವಲೊಡೆದ ಇನ್ನೊಂದು ರಸ್ತೆ ಗಡಹಿಂಗ್ಲಜ, ಆಜರಾ ದಾಟಿ, ಆಂಬೋಲಿ ಘಾಟ್ ಇಳಿದು ಸಾವಂತವಾಡಿಯತ್ತ ಹೋಗುತ್ತದೆ. 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ಶುರು ಮಾಡಿದ ವಿಜಯ ಸಂಕೇಶ್ವರ ಗದಗಿನವರಾದರೂ ಅವರ ಹೆಸರಿಗಂಟಿದ್ದು ಇದೇ ಊರು. ಈ ಸೀಮೆಯಲ್ಲಿ ಲಾರಿ ಕಲಿಯುವುದೆಂದರೆ ಮೊದಲು ಕ್ಲೀನರ್ ಆಗಿ ಗಾಡಿ ಹತ್ತುವುದು, ವರ್ಷಗಟ್ಟಲೆ ಡ್ರೈವರನ ಕೈಕಾಲು ನೋಡುವುದು. ಈಗ ಕ್ಲೀನರ್‌ಗಳೇ ಕಡಿಮೆ. ಗೇರಿಲ್ಲದ ಸ್ಕೂಟರ್, ಆಮೇಲೆ ಆಟೋಮ್ಯಾಟಿಕ್ ಕಾರು ಓಡಿಸಿ ಪಳಗಿದ ಹುಡುಗ ನೇರವಾಗಿ ಲಾರಿಯ ಸೀಟಿಗೆ ಬಂದರೆ ಅವನ ಎಡಗಾಲಿಗೂ ಎಡಗೈಗೂ ಏನೇನೂ ಗೊತ್ತಿರುವುದಿಲ್ಲ.

ಗೊತ್ತಿರಬೇಕಾದದ್ದು ಏನು? ಹಳೆಯ ಗೇರ್‌ಬಾಕ್ಸಿನ ಗಾಡಿಯಲ್ಲಿ ಇಳಿಜಾರಿಗೆ ಮುನ್ನ ಕೆಳಗಿನ ಗೇರಿಗೆ ಬರುವ ಕ್ಷಣವನ್ನೇ ನೋಡಿ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಡಬೇಕು, ಆಕ್ಸಿಲರೇಟರ್ ಸ್ವಲ್ಪ ತುಳಿದು ಎಂಜಿನ್ನಿನ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಇದೇ ಡಬಲ್ ಕ್ಲಚ್. ತಿರುಗುವ ಹಲ್ಲುಗಳ ವೇಗ ಒಂದಕ್ಕೊಂದು ಹೊಂದಿದರೆ ಗೇರ್ ಸದ್ದಿಲ್ಲದೆ ಬೀಳುತ್ತದೆ. ಹೊಂದದಿದ್ದರೆ ಕರ್ರೆಂದು ಕಿರುಚಿ, ಲಿವರ್ ಅಂಗೈಯನ್ನೇ ಒದೆಯುತ್ತದೆ. ಬಯಲಿನಲ್ಲಿ ಇದು ಬರೀ ಅವಮಾನ, ಘಾಟಿನಲ್ಲಿ ಅಪಾಯ. ಗೇರ್ ಬೀಳದ ಗಾಡಿಗೆ ಎಂಜಿನ್ನಿನ ತಡೆ ಇಲ್ಲ, ಎಕ್ಸಾಸ್ಟ್ ಬ್ರೇಕೂ ಕೆಲಸ ಮಾಡುವುದಿಲ್ಲ. ಲೋಡಿನ ಭಾರವೆಲ್ಲ ಬ್ರೇಕ್ ಡ್ರಮ್ಮಿನ ಮೇಲೆ. ಡ್ರಮ್ ಕಾದಂತೆ ಹಿಡಿತ ಸಡಿಲುತ್ತದೆ. ಆದ್ದರಿಂದಲೇ ಹಳಬರು ಹತ್ತುವ ಗೇರಿನಲ್ಲೇ ಇಳಿಯಬೇಕೆನ್ನುತ್ತಾರೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರೂ ಇದ್ದಾರೆ. ಅದು ಉಳಿತಾಯವಲ್ಲ, ಜೂಜು.

ಹೊಸ ಲಾರಿಗಳಲ್ಲಿ ಗೇರನ್ನು ಯಂತ್ರವೇ ಬದಲಿಸುವಾಗ ಈ ಕಸರತ್ತು ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಯಂತ್ರದಿಂದ ದಣಿವು ಕಡಿಮೆ, ಕ್ಲಚ್ ಪ್ಲೇಟೂ ಬಾಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಮುಂದೆ ಹಾಫ್ ಕ್ಲಚ್ಚಿನಲ್ಲಿ ಮಾರುದ್ದ ಮಾರುದ್ದ ಸರಿಯುವ ಡ್ರೈವರನ ಮೊಣಕಾಲನ್ನು ಕೇಳಿದರೆ ಅದು ಆಟೋಮ್ಯಾಟಿಕ್‌ಗೇ ಓಟು ಹಾಕೀತು. ಆದರೆ ಕಬ್ಬು ಹೊರುವ ಗಾಡಿಗಳಲ್ಲಿ ಎರಡು-ಮೂರು ಕೈ ದಾಟಿ ಬಂದವೇ ಹೆಚ್ಚು. ಹೊಸ ಯಂತ್ರ ಅಲ್ಲಿಗೆ ತಲುಪಲು ಇನ್ನೂ ಬಹಳ ವರ್ಷ ಬೇಕು. ತಲುಪಿದ ಮೇಲೂ, ಮುಂದಿನ ತಿರುವಿನಾಚೆ ಇಳುಕಲಿದೆ ಎಂದು ಮೊದಲೇ ವೇಗ ತಗ್ಗಿಸಿ ಗೇರ್ ಹಿಡಿದಿಡಬೇಕಾದವನು ಡ್ರೈವರನೇ.

ಅಮೆರಿಕದಲ್ಲಿ ಆಟೋಮ್ಯಾಟಿಕ್ ಲಾರಿಯಲ್ಲಿ ಪರೀಕ್ಷೆ ಕೊಟ್ಟವನ ಲೈಸೆನ್ಸಿನ ಮೇಲೆ ಗೇರ್ ಲಾರಿ ಓಡಿಸಕೂಡದೆಂಬ ನಿರ್ಬಂಧ ಅಚ್ಚಾಗುತ್ತದೆ. ನಮ್ಮಲ್ಲಿ ಗೇರಿರುವ, ಗೇರಿಲ್ಲದ ಭೇದ ಬೈಕಿಗೆ ಉಂಟು. ಸಾರಿಗೆ ವಾಹನದ ಕಲಿಕಾ ಲೈಸೆನ್ಸಿಗೆ, 1988ರ ಮೋಟಾರು ವಾಹನ ಕಾಯ್ದೆಯಂತೆ, ಲಘು ವಾಹನದ ಲೈಸೆನ್ಸ್ ಒಂದು ವರ್ಷ ಹಳೆಯದಾಗಿದ್ದರೆ ಸಾಕು. ಆ ವರ್ಷವೆಲ್ಲ ಓಡಿಸಿದ್ದು ಎಂಥ ಕಾರು ಎಂದು ಯಾರೂ ಕೇಳುವುದಿಲ್ಲ. ಗೇರ್ ಕಲಿಸಲು ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಹಂಗಾಮು ಮುಗಿದ ಮೇಲೆ ಕಾರ್ಖಾನೆಯ ಯಾರ್ಡ್ ಬಯಲಾಗಿ ಬಿದ್ದಿರುತ್ತದೆ, ಹಳೆಯ ಲಾರಿಗಳೂ ಸಿಗುತ್ತವೆ. ಕಲಿಸಬಲ್ಲ ಹಳೆಯ ಡ್ರೈವರುಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.