ವೈ-ಫೈ ಮೂಲಕ ದೂರವಾಣಿ ಕರೆ: ಗ್ರಾಮ ಪಂಚಾಯತಿ ಸದಸ್ಯರ ತಿಳಿವಳಿಕೆಗಾಗಿ

ಕಲಘಟಗಿ ಹಾಗೂ ಅಳ್ನಾವರ ತಾಲ್ಲೂಕುಗಳಲ್ಲಿ ಅಡವಿಯ ಮರೆಯ ಊರುಗಳಿಗೆ ಮೊಬೈಲ್ ಟವರಿನ ಸಂಕೇತ ಕ್ಷೀಣವಾಗಿ ತಲುಪುತ್ತದೆ. ನವಲಗುಂದ, ಅಣ್ಣಿಗೇರಿ ಭಾಗದ ದಪ್ಪ ಮಣ್ಣುಗೋಡೆಯ ಮಾಳಗಿ ಮನೆಗಳಲ್ಲಿ ಅಂಗಳದಲ್ಲಿದ್ದ ಸಂಕೇತ ಒಳಮನೆಗೆ ಬರುವಷ್ಟರಲ್ಲಿ ಇಲ್ಲವಾಗುತ್ತದೆ. ಇಂತಹ ಊರುಗಳ ಪಂಚಾಯತಿ ಕಚೇರಿಗೆ ಭಾರತ್‌ನೆಟ್ ಕೇಬಲ್ ಬಂದಿದ್ದರೆ, ಆ ಕೇಬಲಿನ ಮೂಲಕವೇ ಸಾಮಾನ್ಯ ದೂರವಾಣಿ ಕರೆ ಮಾಡಲು ಸಾಧ್ಯವಿದೆ. ಸದಸ್ಯರು ಈ ವ್ಯವಸ್ಥೆಯ ಸ್ವರೂಪ ಹಾಗೂ ಮಿತಿ ಎರಡನ್ನೂ ಅರಿತಿರುವುದು ಅಗತ್ಯ.

ವೈ-ಫೈ ಕಾಲಿಂಗ್ ಎಂಬುದು ವಾಟ್ಸ್‌ಆ್ಯಪ್ ಕರೆಯಲ್ಲ. ವಾಟ್ಸ್‌ಆ್ಯಪ್ ಕರೆಗೆ ಎರಡೂ ಕಡೆ ಅದೇ ಆ್ಯಪ್ ಬೇಕು. ಕೀಪ್ಯಾಡ್ ಫೋನ್ ಹಿಡಿದ ಹಿರಿಯರನ್ನು ಅದು ಮುಟ್ಟದು. ವೈ-ಫೈ ಕಾಲಿಂಗ್‌ನಲ್ಲಿ ನಮ್ಮ ಸಿಮ್‌ನ ಸಂಖ್ಯೆಯಿಂದಲೇ ಯಾವುದೇ ದೂರವಾಣಿಗೆ ಕರೆ ಹೋಗುತ್ತದೆ. ಟವರಿನ ಬದಲು ವೈ-ಫೈ ಪೆಟ್ಟಿಗೆಯು ಧ್ವನಿಯನ್ನು ಕಂಪನಿಯ ಜಾಲಕ್ಕೆ ಒಯ್ಯುತ್ತದೆ. ನಡುದಾರಿಯಲ್ಲಿ ಅದು ಗೂಢಲಿಪಿಯ ರೂಪದಲ್ಲಿರುತ್ತದೆ. ದೇಶದಲ್ಲಿ ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಈ ಸೇವೆ ಆರಂಭಿಸಿದವು. ಫೋನ್ ಇದಕ್ಕೆ ಒಗ್ಗುವಂತಹದ್ದಾಗಿರಬೇಕು ಹಾಗೂ ಸೆಟ್ಟಿಂಗ್ಸ್‌ನಲ್ಲಿ 'ವೈ-ಫೈ ಕಾಲಿಂಗ್' ಚಾಲೂ ಇರಬೇಕು.

ಕರೆಗೆ ಬೇಕಾಗುವ ಇಂಟರ್ನೆಟ್ ಅತ್ಯಲ್ಪ. ಹಳೆಯ, ಹೆಚ್ಚು ಜಾಗ ಹಿಡಿಯುವ ಧ್ವನಿ ಪದ್ಧತಿಯಲ್ಲಿಯೂ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 80 ಕಿಲೋಬಿಟ್ ಸಾಕು. ಇಂದಿನ ಪದ್ಧತಿಗಳಿಗೆ ಇನ್ನೂ ಕಡಿಮೆ. ಹಾಗಾದರೆ ಮಾತು ತುಂಡು ತುಂಡಾಗುವುದೇಕೆ? ಗ್ರಾಮಸಭೆಯಲ್ಲಿ ಮೈಕು ಒಂದೇ ಇದ್ದಾಗ ಒಬ್ಬೊಬ್ಬರೇ ಸರದಿಯಲ್ಲಿ ಮಾತನಾಡಬೇಕಷ್ಟೆ. ಒಂದೇ ಚಾನೆಲ್‌ನ ವೈ-ಫೈ ಕೂಡ ಬಹುಮಟ್ಟಿಗೆ ಹಾಗೆಯೇ. ಧ್ವನಿಯು ಸಾಮಾನ್ಯವಾಗಿ ಸೆಕೆಂಡಿಗೆ 50 ಸಣ್ಣ ತುಣುಕುಗಳಾಗಿ ಹೊರಡುತ್ತದೆ, ಪ್ರತಿ ತುಣುಕೂ ಸರದಿ ಕಾಯಬೇಕು. ಅದೇ ವೇಳೆ ಯಾರಾದರೂ ದೊಡ್ಡ ವಿಡಿಯೋ ಕಳುಹಿಸುತ್ತಿದ್ದರೆ, ಅಥವಾ ದೂರದ ಮೂಲೆಯಿಂದ ದುರ್ಬಲ ಸಂಕೇತದಲ್ಲಿ ಒಬ್ಬರು ಜಾಲ ಹಿಡಿದಿದ್ದರೆ, ಅವರು ಮೈಕನ್ನು ಹೆಚ್ಚು ಹೊತ್ತು ಹಿಡಿದಂತೆ. ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡ್ ಮೀರಿದರೆ ಸಂಭಾಷಣೆಗೆ ತೊಡಕಾಗತೊಡಗುತ್ತದೆ. ಆದುದರಿಂದ ದುಬಾರಿ ಪ್ಲ್ಯಾನ್ ಪಡೆಯುವುದಕ್ಕಿಂತ ಪೆಟ್ಟಿಗೆಯನ್ನು ಸರಿಯಾದ ಜಾಗದಲ್ಲಿಡುವುದು, ಧ್ವನಿಗೆ ಆದ್ಯತೆ ನೀಡುವ ಸೌಲಭ್ಯ ಅದರಲ್ಲಿದ್ದರೆ ಚಾಲೂ ಮಾಡಿಸುವುದು ಮೇಲು. ಕಬ್ಬಿಣದ ಕಪಾಟಿನೊಳಗೆ ಬೀಗ ಹಾಕಿಟ್ಟ ಪೆಟ್ಟಿಗೆಯಿಂದ ಪ್ರಯೋಜನ ಅಷ್ಟಕ್ಕಷ್ಟೆ. ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಜ್‌ಗಿಂತ 2.4 ಗಿಗಾಹರ್ಟ್ಜ್ ತರಂಗವೇ ಸಮರ್ಥ.

ವಿದ್ಯುತ್ತಿನ ವಿಷಯ ಇದೆಲ್ಲಕ್ಕಿಂತ ಗಂಭೀರ. ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವು 1986ರಲ್ಲಿ ಮೊದಲಿಗೆ ಕಾರ್ಯಾರಂಭ ಮಾಡಿದ್ದು ನಮ್ಮ ನೆರೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆ, ಧೂಳು ಸೆಕೆಗಳನ್ನು ತಾಳಿಕೊಂಡು ನಡೆಯುವಂತೆ ಅದನ್ನು ನಿರ್ಮಿಸಲಾಗಿತ್ತು. ಅಂದಿನ ದೂರವಾಣಿಗೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಯಿಂದ ಅದೇ ತಾಮ್ರದ ತಂತಿಯಲ್ಲಿ ಬರುತ್ತಿತ್ತು. ಊರಿನ ಕರೆಂಟು ಹೋದರೂ ಫೋನು ಸತ್ತಿರಲಿಲ್ಲ. ಇಂದಿನ ಫೈಬರ್ ಬೆಳಕನ್ನು ಒಯ್ಯುತ್ತದೆ, ವಿದ್ಯುತ್ತನ್ನಲ್ಲ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದ ಮನೆಯವರು 108ಕ್ಕೆ ಕರೆ ಮಾಡಬೇಕಾದ ಹೊತ್ತಿಗೆ ಕರೆಂಟು ಇರದಿದ್ದರೆ, ವೈ-ಫೈ ಇದ್ದೂ ಇಲ್ಲದಂತೆ. ಕಚೇರಿಯ ಇನ್ವರ್ಟರಿನಿಂದ ಕಂಪ್ಯೂಟರಿಗೆ ಲೈನು ಕೊಟ್ಟು ಈ ಪೆಟ್ಟಿಗೆಯನ್ನು ಬಿಟ್ಟಿರುವುದೂ ಉಂಟು. ಫೈಬರ್ ಪೆಟ್ಟಿಗೆ, ವೈ-ಫೈ ಪೆಟ್ಟಿಗೆ ಎರಡೂ ಬೇರೆ ಬೇರೆಯಾಗಿದ್ದಲ್ಲಿ ಎರಡಕ್ಕೂ ಬ್ಯಾಟರಿ ಆಸರೆ ಇರತಕ್ಕದ್ದು.

ತುರ್ತು ಕರೆಯಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ವೈ-ಫೈ ಮೂಲಕ ಹೋದ ಕರೆಯ ಸ್ಥಳವು 112 ಅಥವಾ 108ರ ಸಿಬ್ಬಂದಿಗೆ ಸರಿಯಾಗಿ ತಿಳಿಯದೇ ಹೋಗಬಹುದು. ಊರು, ಓಣಿ, ಹತ್ತಿರದ ಗುಡಿ ಅಥವಾ ಶಾಲೆಯ ಹೆಸರನ್ನು ಕರೆ ಮಾಡಿದವರೇ ಮೊದಲು ಹೇಳಬೇಕೆಂದು ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸುವುದು ಒಳಿತು. ಮಾತನಾಡುತ್ತ ವೈ-ಫೈ ವ್ಯಾಪ್ತಿ ದಾಟಿದರೆ, ಹೊರಗೆ 4ಜಿ ಸಂಕೇತವಿದ್ದಲ್ಲಿ ಕರೆ ಅದಕ್ಕೆ ವರ್ಗವಾಗಬಹುದು, ಇಲ್ಲದಿದ್ದಲ್ಲಿ ಕಡಿದುಹೋಗುತ್ತದೆ.

ಕಚೇರಿಯಾಚೆ ಸೇವೆ ವಿಸ್ತರಿಸಲು ಪಿಎಂ-ವಾಣಿ ಯೋಜನೆಯಿದೆ. ಕೇಂದ್ರ ಸಚಿವ ಸಂಪುಟ ಇದಕ್ಕೆ 2020ರ ಡಿಸೆಂಬರ್ 9ರಂದು ಅನುಮೋದನೆ ನೀಡಿತು. ಕಿರಾಣಿ ಅಂಗಡಿಯವರೂ ಲೈಸೆನ್ಸ್ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ನಡೆಸಬಹುದು. ಅಂತಹ ಅಂಗಡಿಯನ್ನು ಈ ಯೋಜನೆಯಲ್ಲಿ 'ಪಿಡಿಒ' ಎನ್ನುತ್ತಾರೆ. ನಮ್ಮ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೂ ಅದಕ್ಕೂ ಸಂಬಂಧವಿಲ್ಲ. ಗ್ರಂಥಾಲಯ, ಆರೋಗ್ಯ ಉಪಕೇಂದ್ರ, ಬಸ್ ನಿಲ್ದಾಣಗಳಲ್ಲಿ ಮೊದಲು ಯಾವುದಕ್ಕೆ ಎಂಬ ಪ್ರಶ್ನೆ ಬಂದರೆ ಉಪಕೇಂದ್ರಕ್ಕೇ ಆದ್ಯತೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ನಿರ್ಣಯ ಕೈಗೊಳ್ಳುವ ಮುನ್ನ ಸದಸ್ಯರು ಸ್ವತಃ ಪರೀಕ್ಷಿಸಬಹುದು. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈ-ಫೈ ಮಾತ್ರ ಚಾಲೂ ಮಾಡಿ, ಒಂದು ಕೀಪ್ಯಾಡ್ ಫೋನಿಗೆ ಕರೆ ಮಾಡಿರಿ. ಒಮ್ಮೆ ಕಚೇರಿಯ ಕಂಪ್ಯೂಟರ್ ಕೆಲಸ ಜೋರಾಗಿರುವ ಹೊತ್ತಿನಲ್ಲಿ, ಇನ್ನೊಮ್ಮೆ ಮೇನ್ ಸ್ವಿಚ್ ಆರಿಸಿ.