ಮದುವೆ ಮನೆಯಿಂದ ಬಂದ್ರೆ ಯಾಕಿಷ್ಟು ಸುಸ್ತು?

ಒಂದು ಮದುವೆಗೆ ಹೋಗಿ ಬಂದ್ರೆ
ಎರಡು ದಿನ ಯಾರ ಹತ್ರಾನೂ ಮಾತೇ ಬೇಡ ಅನ್ಸುತ್ತಾ?
ವಾಲಗದ ಸದ್ದು, ಲೈಟು,
ಕತ್ತಿಗೆ ಚುಚ್ಚೋ ಜರಿ,
ಎಲ್ಲಾ ಒಟ್ಟಿಗೇ ಮೈಮೇಲೆ ಬಿದ್ದ ಹಾಗೆ?

"ನನಗೆ ಆಟಿಸಂ ಇರಬಹುದಾ?"
ಹೀಗೆಲ್ಲಾ ಆದಾಗ 35, 40ರ ವಯಸ್ಸಲ್ಲೂ ಈ ಪ್ರಶ್ನೆ ಏಳುತ್ತೆ.
ಕೇಳ್ಕೊಳ್ಳೋದ್ರಲ್ಲಿ ತಪ್ಪೇನಿಲ್ಲ.

ಆಟಿಸಂ ದೊಡ್ಡವರಾದ ಮೇಲೆ ಬರೋದಲ್ಲ.
ಚಿಕ್ಕಂದಿನಿಂದ ಇರುತ್ತೆ.
ಆದ್ರೆ ಎಷ್ಟೋ ಜನ, ಅದರಲ್ಲೂ ಹೆಣ್ಣುಮಕ್ಕಳು,
ಬೇರೆಯವರನ್ನ ನೋಡಿ ನೋಡಿ
ಯಾವಾಗ ನಗಬೇಕು, ಎಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು,
ಎಲ್ಲಾ ಕಲ್ತುಬಿಟ್ಟಿರ್ತಾರೆ.
ಇದೇ ಮಾಸ್ಕಿಂಗ್.

ಅರ್ಧಂಬರ್ಧ ಬರೋ ಭಾಷೇಲಿ ದಿನವಿಡೀ ಮಾತಾಡಿದ ಹಾಗೆ.
ಒಂದೊಂದು ಮಾತನ್ನೂ
ಮನಸ್ಸಲ್ಲೇ ಅನುವಾದ ಮಾಡಿ, ಆಮೇಲೆ ಆಡೋದು.
ಕೇಳೋರಿಗೆ ಏನೂ ಗೊತ್ತಾಗಲ್ಲ.
ಮನೆಗೆ ಬಂದು ಬಾಗಿಲು ಹಾಕ್ಕೊಂಡಾಗ
ನಿಮಗೆ ಗೊತ್ತಾಗುತ್ತೆ.

ಹಾಗಂತ ಸುಸ್ತೆಲ್ಲಾ ಆಟಿಸಂ ಅಲ್ಲ.
ಆತಂಕದಲ್ಲೂ ಹೀಗಾಗುತ್ತೆ, ಎಡಿಎಚ್‌ಡೀಲೂ ಆಗುತ್ತೆ.
ಆನ್‌ಲೈನ್ ಕ್ವಿಜ್ ಬರೀ ಸುಳಿವು.
ದೊಡ್ಡವರ ಆಟಿಸಂ ನೋಡಿ ಅನುಭವ ಇರೋ
ಮನೋವೈದ್ಯರನ್ನೋ, ಕ್ಲಿನಿಕಲ್ ಸೈಕಾಲಜಿಸ್ಟನ್ನೋ ಕಾಣಿ.

ಅವರು ನಿಮ್ಮ ಬಾಲ್ಯದ ಬಗ್ಗೆ ಕೇಳ್ತಾರೆ.
ಅದಕ್ಕೇ, ಹೋಗೋಕೆ ಮುಂಚೆ
ಅಮ್ಮನ ಹತ್ರ ಒಂದ್ಸಲ ಕೂತ್ಕೊಳ್ಳಿ.
"ಅಮ್ಮಾ, ನಾನು ಚಿಕ್ಕ ಮಗು ಇದ್ದಾಗ
ಹೇಗೆ ಆಟ ಆಡ್ತಿದ್ದೆ?"